ಬಲಿಪೀಠ ಬಿಟ್ಟು ಬಂದ ಚಿತ್ರಗಳು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಭಾಷಣದ ಪಾಠ)



ರೋಮಾಪುರಿಯ ಯಾತ್ರೆ ಮುಗಿಸಿ ಬಂದವರು ಈ ಸಭೆಯಲ್ಲಿ ಹಲವರಿದ್ದೀರಿ. ಸಂತ ಪೇತ್ರರ ಮಹಾದೇವಾಲಯವನ್ನು ಕುರಿತು ನೀವು ಕೇಳಿರುವುದು ಬಹಳ. ಆದರೆ ಅದರ ಮಗ್ಗುಲಲ್ಲಿಯೇ ಇರುವ ವ್ಯಾಟಿಕನ್ ಸಂಗ್ರಹಾಲಯಗಳನ್ನು ಕುರಿತು ನಮ್ಮಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ: "ಬಹಳ ನಡೆಯಬೇಕು", "ಕತ್ತು ನೋಯುತ್ತದೆ". ಎರಡೂ ಸತ್ಯವೇ. 2023ರ ಅಕ್ಟೋಬರಿನಲ್ಲಿ ಈ ಧರ್ಮಕೇಂದ್ರದಿಂದ ಹೊರಟ ನಾವು ಒಂಬತ್ತು ಮಂದಿ ಅಲ್ಲಿ ನಡೆದದ್ದೂ ಉಂಟು, ಕತ್ತು ನೋಯಿಸಿಕೊಂಡದ್ದೂ ಉಂಟು. ಅದಕ್ಕಿಂತ ಹೆಚ್ಚಿನದೇನನ್ನೋ ಅಲ್ಲಿಂದ ತಂದಿದ್ದೇವೆಂಬ ಭಾವನೆ ನಮಗಿರುವುದರಿಂದ, ಶತಮಾನೋತ್ಸವ ಸಮಿತಿಯವರು ಕೇಳಿದಾಗ ಇಲ್ಲವೆನ್ನಲಿಲ್ಲ. ಮಾತನಾಡುವ ಬಾಯಿ ಒಂದಾದರೂ ಹೇಳುವುದು ಒಂಬತ್ತು ಮಂದಿಯೂ ಕೂಡಿ ಕುಳಿತು ಯೋಚಿಸಿದ ಮಾತು. ಸಮಿತಿಯ ಮುಂದೆ ಈಗ ಇರುವ ಒಂದು ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ. ಅದು ಯಾವುದೆಂಬುದು ಮುಂದೆ ತಿಳಿಯುವುದು.

ಮೊದಲು ವ್ಯಾವಹಾರಿಕವಾದ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇವೆ. ಮುಂದೆ ಹೋಗುವವರಿಗೆ ಉಪಯೋಗವಾದೀತು. ಮಹಾದೇವಾಲಯದ ಬಾಗಿಲೇ ಬೇರೆ, ಸಂಗ್ರಹಾಲಯದ ಬಾಗಿಲೇ ಬೇರೆ. ದೇವಾಲಯಕ್ಕೆ ಹಣ ಕೊಡಬೇಕಾಗಿಲ್ಲ; ಸಂಗ್ರಹಾಲಯಕ್ಕೆ ಟಿಕೆಟ್ಟು ಬೇಕು, ಅದನ್ನು ದಿನ ಹಾಗೂ ಗಂಟೆ ಗೊತ್ತುಮಾಡಿ ಮುಂಗಡವಾಗಿ ಪಡೆಯುವುದು ಲೇಸು. ಪೇತ್ರರ ಚೌಕದಿಂದ ಕೋಟೆಗೋಡೆಯನ್ನು ಬಳಸಿಕೊಂಡು ಸಾಕಷ್ಟು ದೂರ ನಡೆದರೆ ಉತ್ತರ ದಿಕ್ಕಿನಲ್ಲಿ ಅದರ ದ್ವಾರ. ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಲ್ಲಿ ಅದು ಮುಚ್ಚಿರುತ್ತದೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಸೀರೆಯುಟ್ಟ ನಮ್ಮ ಹೆಂಗಸರನ್ನು ಯಾರೂ ತಡೆಯಲಿಲ್ಲ. ಮೊಣಕಾಲು ಕಾಣುವ ಚಡ್ಡಿ ತೊಟ್ಟು ಬಂದ ಪರದೇಶದ ಗಂಡಸೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿದ್ದನ್ನು ಮಾತ್ರ ಕಂಡೆವು.

ವರ್ಷಕ್ಕೆ 60 ಲಕ್ಷಕ್ಕೂ ಮೀರಿದ ಜನ ಬರುವ ಸ್ಥಳವದು. ನಲವತ್ತು ಐವತ್ತು ಮಂದಿಯ ದೊಡ್ಡ ತಂಡದಲ್ಲಿ ಹೋದರೆ ಮುಂದಿನವರ ಬೆನ್ನು ಕಂಡೀತೇ ಹೊರತು ಚಿತ್ರ ಕಾಣಲಾರದು. ಆದುದರಿಂದ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳದ ಸಣ್ಣ ತಂಡವನ್ನು ಆರಿಸಿಕೊಂಡೆವು. ಖರ್ಚು ಸ್ವಲ್ಪ ಅಧಿಕ. ನಮ್ಮ ಒಂಬತ್ತು ಮಂದಿಯ ಜೊತೆಗೆ ಪೋಲೆಂಡಿನ ದಂಪತಿಗಳಿಬ್ಬರು ಸೇರಿದರು. ಮಾರ್ಗದರ್ಶಿಯು ರೋಮಿನವರೇ ಆದ, ನಡುವಯಸ್ಸು ದಾಟಿದ ಒಬ್ಬ ಮಹಿಳೆ. ಎಲ್ಲರ ಕಿವಿಗೂ ಒಂದೊಂದು ಪುಟ್ಟ ಯಂತ್ರ. ಅವರು ಕತ್ತಿನ ಬಳಿಯ ಧ್ವನಿಗ್ರಾಹಕದಲ್ಲಿ ಮೆಲ್ಲನೆ ನುಡಿದದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇಂಗ್ಲಿಷು ತಿಳಿಯದ ನಮ್ಮ ಮೂವರು ಹಿರಿಯರಿಗೆ ನಮ್ಮಲ್ಲೊಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಅದನ್ನು ಗಮನಿಸಿದ ಆಕೆ ಪ್ರತಿ ವಾಕ್ಯದ ಕೊನೆಯಲ್ಲಿಯೂ ತುಸು ನಿಂತು, ಕನ್ನಡ ಮುಗಿಯಿತೆಂದು ಕಣ್ಣಿನಲ್ಲಿಯೇ ಕೇಳಿ ತಿಳಿದು, ಆಮೇಲೆ ಮುಂದುವರಿಯುತ್ತಿದ್ದರು. ದೊಡ್ಡ ತಂಡದಲ್ಲಿ ಈ ಸೌಜನ್ಯಕ್ಕೆ ಎಡೆಯಿಲ್ಲ.

ಪ್ರಾರಂಭದಲ್ಲಿಯೇ ಆಕೆ ಹೇಳಿದ ಮಾತೊಂದು: ಇಲ್ಲಿನ ದಾರಿಗಳನ್ನೆಲ್ಲ ಕೂಡಿಸಿದರೆ ಏಳು ಕಿಲೋಮೀಟರಿನಷ್ಟಾಗುತ್ತದೆ, ನಾನು ನಿಮಗೆ ಎಲ್ಲವನ್ನೂ ತೋರಿಸುವುದಿಲ್ಲ. ಕೊಟ್ಟ ಹಣಕ್ಕೆ ಎಲ್ಲವನ್ನೂ ನೋಡಬೇಕೆಂಬ ನಮ್ಮವರ ಹಂಬಲ ನಿಮಗೆ ತಿಳಿಯದ್ದಲ್ಲ. ಈ ಮಾತು ಕೇಳಿ ನಮ್ಮಲ್ಲಿ ಕೆಲವರ ಮುಖ ಬಾಡಿತು. ಆಕೆ ಅದನ್ನು ಲೆಕ್ಕಿಸದೆ, ಬಹುತೇಕ ತಂಡಗಳು ಹಿಡಿಯುವ ದಾರಿಯನ್ನು ಬಿಟ್ಟು, ಬಲಗಡೆಯ ಪಿನಾಕೊತೆಕಾ ಎಂಬ ಚಿತ್ರಶಾಲೆಗೆ ನಮ್ಮನ್ನು ಕರೆದೊಯ್ದರು. ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಕಟ್ಟಿಸಿ 1932ರಲ್ಲಿ ತೆರೆದ ಕಟ್ಟಡ ಅದು. ಹದಿನೆಂಟು ಕೋಣೆಗಳು, 460 ಚಿತ್ರಗಳು. ಸಿಸ್ಟೈನ್ ಪ್ರಾರ್ಥನಾಲಯಕ್ಕೆ ಓಡುವ ಆತುರದಲ್ಲಿ ಜನ ಇತ್ತ ಸುಳಿಯುವುದು ಕಡಿಮೆ. ಆ ಹೊತ್ತಿನಲ್ಲಿ ಕೋಣೆಗಳು ಬಹುಮಟ್ಟಿಗೆ ಬರಿದಾಗಿದ್ದವು.

ಅಲ್ಲಿ ಎರಡನೆಯ ಕೋಣೆಯ ನಡುವೆ ಒಂದು ಬಲಿಪೀಠದ ಚಿತ್ರ ನಿಂತಿದೆ. ಸುಮಾರು 1320ರಲ್ಲಿ ಕಾರ್ಡಿನಲ್ ಜಾಕೊಪೊ ಸ್ಟೆಫನೆಸ್ಕಿಯವರು ಜೊತ್ತೊ ಎಂಬ ಮಹಾಚಿತ್ರಕಾರನಿಂದಲೂ ಅವನ ಶಿಷ್ಯರಿಂದಲೂ ಪೇತ್ರರ ಹಳೆಯ ಮಹಾದೇವಾಲಯಕ್ಕಾಗಿ ಬರೆಯಿಸಿದ್ದು. ಅದಕ್ಕೆ ಬೆನ್ನೆಂಬುದಿಲ್ಲ, ಎರಡು ಕಡೆಯೂ ಮುಖವೇ. ಒಂದು ಕಡೆ ಸಿಂಹಾಸನದ ಮೇಲೆ ಕ್ರಿಸ್ತ, ಅವರ ಎಡಬಲಗಳಲ್ಲಿ ಪೇತ್ರ ಪೌಲರ ರಕ್ತಸಾಕ್ಷಿಮರಣ. ಇನ್ನೊಂದು ಕಡೆ ಸಿಂಹಾಸನದ ಮೇಲೆ ಸಂತ ಪೇತ್ರ. ಪೀಠದ ಇತ್ತ ಇರುವವರಿಗೂ ಅತ್ತ ಇರುವವರಿಗೂ ಕಾಣಬೇಕೆಂದು ಹೀಗೆ ಮಾಡಿದ್ದು. ಪೇತ್ರರ ಪಾದದ ಬಳಿ ಆ ಕಾರ್ಡಿನಲ್ಲರೇ ಮೊಣಕಾಲೂರಿದ್ದಾರೆ. ಅವರ ಕೈಯಲ್ಲಿ ಇದೇ ಬಲಿಪೀಠದ ಪುಟ್ಟ ಮಾದರಿ. ಕಾಣಿಕೆ ಕೊಟ್ಟವರು ತಮ್ಮ ಹೆಸರನ್ನು ಬೆಂಚಿನ ಮೇಲೆ ಕೆತ್ತಿಸುವ ಪದ್ಧತಿ ನಮ್ಮ ಊರಿನಲ್ಲಿ ಮಾತ್ರ ಇರುವುದಲ್ಲವೆಂದು ಆಗ ನಮಗೆ ಸಮಾಧಾನವಾಯಿತು. ಈ ಚಿತ್ರ ಇದ್ದ ಹಳೆಯ ಮಹಾದೇವಾಲಯವನ್ನು 16ನೆಯ ಶತಮಾನದಿಂದ ಕೆಡವಿ ಈಗಿನದನ್ನು ಕಟ್ಟಲಾಯಿತು. ಚಿತ್ರ ಉಳಿಯಿತು, ಅದರ ಪೀಠ ಉಳಿಯಲಿಲ್ಲ.

ಎಂಟನೆಯ ಕೋಣೆಯದು ಬೇರೆ ಕತೆ. ಮಂದ ಬೆಳಕಿನ ಆ ದೊಡ್ಡ ಕೋಣೆಯಲ್ಲಿ ರಫಾಯೆಲನ ಮೂರು ಬಲಿಪೀಠದ ಚಿತ್ರಗಳು ಒಂದರ ಪಕ್ಕದಲ್ಲೊಂದು ಇವೆ. ನಡುವಿನದು ಯೇಸುಸ್ವಾಮಿಯ ರೂಪಾಂತರ. ಮೇಲುಭಾಗದಲ್ಲಿ ಬೆಟ್ಟದ ಮೇಲೆ ಬೆಳಕಿನಲ್ಲಿ ತೇಲುವ ಸ್ವಾಮಿ, ಅವರ ಇಕ್ಕೆಲಗಳಲ್ಲಿ ಮೋಶೆ ಮತ್ತು ಎಲೀಯ. ಕೆಳಗೆ ಕತ್ತಲೆಯಲ್ಲಿ ದೆವ್ವ ಬಡಿದ ಹುಡುಗನೊಬ್ಬ, ಅವನನ್ನು ಹಿಡಿದುಕೊಂಡ ತಂದೆ, ಗುಣಪಡಿಸಲಾರದೆ ಕೈಚೆಲ್ಲಿದ ಒಂಬತ್ತು ಪ್ರೇಷಿತರು. ಸಂತ ಮತ್ತಾಯರ ಶುಭಸಂದೇಶದಲ್ಲಿ ಈ ಎರಡು ಸಂಗತಿಗಳು ಒಂದರ ಹಿಂದೆ ಒಂದು ಬರುತ್ತವೆ. ರಫಾಯೆಲನು ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದನು. 1520ರ ಶುಭ ಶುಕ್ರವಾರದಂದು, 37ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಈ ಚಿತ್ರವನ್ನು ಅವನ ಶವದ ತಲೆದೆಸೆಯಲ್ಲಿ ಇಟ್ಟಿದ್ದರೆಂದು ಅವನ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಬಳಿಕ ಅದು ರೋಮಿನ ಮೊಂತೋರಿಯೊ ಗುಡ್ಡದ ಮೇಲಣ ಸಂತ ಪೇತ್ರರ ದೇವಾಲಯದ ಪ್ರಧಾನ ಬಲಿಪೀಠವನ್ನು ಸೇರಿತು. ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಅದರ ಮುಂದೆ ಬಲಿಪೂಜೆ ನಡೆಯಿತು.

ನಮ್ಮೊಡನೆ ಬಂದಿದ್ದ ಒಬ್ಬ ತಾಯಿಯ ಮಗ ಬಾಲ್ಯದಿಂದಲೂ ಅಪಸ್ಮಾರದಿಂದ ನರಳುತ್ತಿರುವವನು. ಉಳಿದ ನಾವು ಬೆಟ್ಟದ ಮೇಲಿನ ಬೆಳಕನ್ನು ನೋಡುತ್ತಿದ್ದರೆ ಆಕೆ ನೋಡುತ್ತಿದ್ದದ್ದು ಕೆಳಗಿನ ಹುಡುಗನನ್ನು. ತಿರುಚಿಕೊಂಡ ಕೈಗಳು, ಮೇಲಕ್ಕೆ ಸರಿದ ಕಣ್ಣುಗುಡ್ಡೆಗಳು. ಮಾರ್ಗದರ್ಶಿಯು ಮಾತು ಮುಗಿಸಿ ಮುಂದೆ ಹೊರಟಾಗ ಆಕೆ ಹೊರಡಲಿಲ್ಲ. ಕೈಚೀಲದಿಂದ ಜಪಸರ ತೆಗೆದರು. ಮೂಲೆಯಲ್ಲಿ ಕುಳಿತಿದ್ದ ಕಾವಲುಗಾರ ಒಮ್ಮೆ ನೋಡಿ, ಏನನ್ನೂ ಹೇಳದೆ ಬೇರೆ ಕಡೆಗೆ ಮುಖ ತಿರುಗಿಸಿದನು. ನಾವೆಲ್ಲರೂ ಒಂದು ದಶಕ ಮುಗಿಯುವವರೆಗೆ ಅಲ್ಲಿಯೇ ಕಾದೆವು. ಪೋಲೆಂಡಿನ ದಂಪತಿಗಳು ತಮ್ಮ ಭಾಷೆಯಲ್ಲಿ ಕೂಡಿಕೊಂಡರು. ಮಾರ್ಗದರ್ಶಿಯೂ ಗಡಿಯಾರ ನೋಡಲಿಲ್ಲ.

ಇಂತಹ ಚಿತ್ರ ಬಲಿಪೀಠವನ್ನು ಬಿಟ್ಟು ಇಲ್ಲಿಗೆ ಬಂದದ್ದು ಹೇಗೆಂದು ನಮ್ಮ ಹಿರಿಯರೊಬ್ಬರು ಕೇಳಿದರು. ಉತ್ತರವಿದು. 1796ರಲ್ಲಿ ನೆಪೋಲಿಯನ್ನನ ಸೈನ್ಯ ಇಟಲಿಯನ್ನು ಹೊಕ್ಕಿತು. 1797ರ ಫೆಬ್ರವರಿಯಲ್ಲಿ ಟೊಲೆಂತಿನೊ ಎಂಬಲ್ಲಿ ಆದ ಒಪ್ಪಂದದಂತೆ ಆರನೆಯ ಪಿಯುಸ್ ಜಗದ್ಗುರುಗಳು ಹಣ ಹಾಗೂ ನಾಡುಗಳ ಜೊತೆಗೆ ಆರಿಸಿದ ನೂರು ಕಲಾಕೃತಿಗಳನ್ನೂ ಫ್ರೆಂಚರಿಗೆ ಒಪ್ಪಿಸಬೇಕಾಯಿತು. ರೂಪಾಂತರದ ಚಿತ್ರವು ಪ್ಯಾರಿಸಿಗೆ ಹೋಯಿತು. ನೆಪೋಲಿಯನ್ನನ ಪತನದ ನಂತರ 1815ರಲ್ಲಿ ಏಳನೆಯ ಪಿಯುಸರು ಶಿಲ್ಪಿ ಅಂತೋನಿಯೊ ಕನೋವನನ್ನು ಪ್ಯಾರಿಸಿಗೆ ಕಳುಹಿಸಿದರು; ಅವನ ಪ್ರಯತ್ನದಿಂದ ಬಹಳಷ್ಟು ಕೃತಿಗಳು ಹಿಂದಿರುಗಿದವು. ಆದರೆ ಹಿಂದಿರುಗಿದ ಮುಖ್ಯ ಚಿತ್ರಗಳಲ್ಲಿ ಹಲವು ತಮ್ಮ ತಮ್ಮ ದೇವಾಲಯಗಳಿಗೆ ಮರಳಲಿಲ್ಲ. ಎಲ್ಲರೂ ನೋಡುವಂತಾಗಲೆಂದು ವ್ಯಾಟಿಕನ್ನಿನಲ್ಲಿಯೇ ಒಂದು ಚಿತ್ರಶಾಲೆಯನ್ನು ಮಾಡಿ ಅಲ್ಲಿರಿಸಿದರು. ಕಳ್ಳತನಕ್ಕೆ ಹೋದ ಒಡವೆ ಸಿಕ್ಕಿದಾಗ ಅದನ್ನು ಮತ್ತೆ ಮೈಮೇಲೆ ಧರಿಸದೆ ಪೆಟ್ಟಿಗೆಯಲ್ಲಿ ಭದ್ರಪಡಿಸಿದಂತೆ, ಎಂದು ನಮ್ಮ ಹಿರಿಯರು ಕನ್ನಡದಲ್ಲಿ ಹೇಳಿದರು. ಅದನ್ನು ಅನುವಾದಿಸಿ ಹೇಳಿದಾಗ ಮಾರ್ಗದರ್ಶಿ ನಕ್ಕರು. ಪೆಟ್ಟಿಗೆಯಲ್ಲಿಡದಿದ್ದರೆ ಇಷ್ಟು ದಿನ ಉಳಿಯುತ್ತಿತ್ತೇ ಎಂಬುದನ್ನೂ ಯೋಚಿಸಿರಿ ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆಯೆಂದು ನಮ್ಮ ಎಣಿಕೆ.

ಇದೇ ಕೋಣೆಯ ಗೋಡೆಗಳಲ್ಲಿ ಗಾಜಿನ ಹಿಂದೆ, ಸಿಸ್ಟೈನ್ ಪ್ರಾರ್ಥನಾಲಯಕ್ಕಾಗಿ ರಫಾಯೆಲನು ರೂಪಿಸಿ ಬ್ರಸೆಲ್ಸಿನಲ್ಲಿ ನೇಯಿಸಿದ ಚಿತ್ರಪಟಗಳಿವೆ. ಪೇತ್ರ ಪೌಲರ ಕಾರ್ಯಗಳು ಅವುಗಳ ವಸ್ತು. 2020ರ ಫೆಬ್ರವರಿಯಲ್ಲಿ, ರಫಾಯೆಲನು ತೀರಿಕೊಂಡು ಐನೂರು ವರ್ಷವಾದ ನೆನಪಿಗೆ, ಅವುಗಳನ್ನು ಒಂದು ವಾರದ ಮಟ್ಟಿಗೆ ಪ್ರಾರ್ಥನಾಲಯದ ಗೋಡೆಗಳಲ್ಲಿ ಅವುಗಳ ಮೊದಲಿನ ಸ್ಥಾನದಲ್ಲಿಯೇ ತೂಗುಹಾಕಿದರಂತೆ. ಒಂದೇ ವಾರ. ಆದರೂ ಒಮ್ಮೆ ಸ್ವಸ್ಥಾನಕ್ಕೆ ಹೋಗಿಬಂದವಲ್ಲ ಎಂದು ನಮಗೆ ಸಂತೋಷವಾಯಿತು.

ಈಗ ನಾವು ಮುಖ್ಯವಾಗಿ ಹೇಳಬೇಕಾದ ಚಿತ್ರಕ್ಕೆ ಬರುತ್ತೇವೆ. ಹನ್ನೆರಡನೆಯ ಕೋಣೆಯಲ್ಲಿ ಕಾರವಾಜ್ಜೊ ಬರೆದ, ಕ್ರಿಸ್ತರನ್ನು ಸಮಾಧಿ ಮಾಡುವ ಚಿತ್ರವಿದೆ. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ರೋಮಿನ ವಲ್ಲಿಚೆಲ್ಲಾದ ಮರಿಯಮ್ಮನವರ ದೇವಾಲಯದ ಪಕ್ಕದ ಒಂದು ಬಲಿಪೀಠಕ್ಕೆಂದು ಅದನ್ನು ಬರೆಯಲಾಯಿತು. ಎತ್ತರ 3 ಮೀಟರು. ಹಿನ್ನೆಲೆಯಲ್ಲಿ ಬರಿಯ ಕತ್ತಲೆ; ಬೆಟ್ಟವಿಲ್ಲ, ಶಿಲುಬೆಯಿಲ್ಲ, ಗುಹೆಯೂ ಕಾಣುವುದಿಲ್ಲ. ಸಂತ ಯೊವಾನ್ನರು ಸ್ವಾಮಿಯ ಬೆನ್ನಿಗೆ ಕೈಕೊಟ್ಟಿದ್ದಾರೆ. ಅವರ ಬೆರಳು ಅರಿವಿಲ್ಲದೆ ಪಕ್ಕೆಯ ಗಾಯಕ್ಕೆ ತಗುಲಿದೆ. ನಿಕೊದೇಮನು ಕಾಲುಗಳನ್ನು ತಬ್ಬಿ ಹಿಡಿದು ಬಾಗಿದ್ದಾನೆ. ಅವನ ಕಾಲುಗಳಲ್ಲಿ ಕೂಲಿಯವನ ನರಗಳು ಉಬ್ಬಿ ನಿಂತಿವೆ. ಹಿಂದೆ ಮಾತೆ ಮರಿಯಮ್ಮ, ವಯಸ್ಸಾದ ಹೆಂಗಸಿನಂತೆ. ಮಗ್ದಲದ ಮರಿಯ ಕಣ್ಣೊರಸಿಕೊಳ್ಳುತ್ತಾಳೆ. ಇನ್ನೊಬ್ಬ ಮರಿಯ ಎರಡೂ ಕೈಗಳನ್ನು ಮೇಲೆತ್ತಿದ್ದಾಳೆ. ಅವರೆಲ್ಲ ಒಂದು ದಪ್ಪ ಕಲ್ಲುಚಪ್ಪಡಿಯ ಮೇಲೆ ನಿಂತಿದ್ದಾರೆ. ಅದರ ಮೂಲೆ ನಮ್ಮ ಕಡೆಗೆ ಚಾಚಿದೆ, ಕೈಯಿಟ್ಟು ಹಿಡಿಯಬಹುದು ಎನ್ನುವಷ್ಟು.

ಮಾರ್ಗದರ್ಶಿಯು ಇಲ್ಲಿ ಮಾತನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು: ಇವರು ಸ್ವಾಮಿಯ ದೇಹವನ್ನು ಎಲ್ಲಿಗೆ ಇಳಿಸುತ್ತಿದ್ದಾರೆ? ಸಮಾಧಿಗೆ ಎಂದೆವು. ಸಮಾಧಿ ಎಲ್ಲಿದೆ, ತೋರಿಸಿ ಎಂದರು. ತೋರಿಸಲು ಅದು ಚಿತ್ರದಲ್ಲಿಲ್ಲ. ಆಗ ಆಕೆ ಚಿತ್ರದ ಕೆಳಗಿನ ಬರಿಯ ಗೋಡೆಯತ್ತ ಕೈ ತೋರಿ, ಇಲ್ಲಿ ಬಲಿಪೀಠವಿತ್ತೆಂದು ಭಾವಿಸಿ ಎಂದರು. ಆ ಕಾಲದ ಬಲಿಪೂಜೆಯಲ್ಲಿ ಗುರುಗಳು ಚಿತ್ರಕ್ಕೆ ಮುಖಮಾಡಿ ನಿಂತು, ಪ್ರತಿಷ್ಠಾಪನೆಯ ಮಾತುಗಳನ್ನು ನುಡಿದು ಪರಮಪ್ರಸಾದವನ್ನು ಮೇಲೆತ್ತುತ್ತಿದ್ದರು. ಮೇಲಿನಿಂದ ಸ್ವಾಮಿಯ ದೇಹ ಇಳಿದು ಬರುತ್ತಿದೆ. ಕೆಳಗಿನಿಂದ ಸ್ವಾಮಿಯ ದೇಹ ಏರುತ್ತಿದೆ. ಎರಡೂ ಕೂಡುವ ಜಾಗ ಆ ಪೀಠ. ಚಿತ್ರದಲ್ಲಿಲ್ಲದ ಸಮಾಧಿ ಅದೇ. ಸ್ವಾಮಿಯ ಬಲಗೈ ಏಕೆ ಹಾಗೆ ಜೋತುಬಿದ್ದು ಕಲ್ಲನ್ನು ಮುಟ್ಟುತ್ತಿದೆಯೆಂಬುದು ಆಗ ನಮಗೆ ಹೊಳೆಯಿತು.

ಈಗ ಅದರ ಕೆಳಗೆ ಪೀಠವಿಲ್ಲ. ಒಂದು ನಾಮಫಲಕವಿದೆ. ಇದೂ 1797ರಲ್ಲಿ ಪ್ಯಾರಿಸಿಗೆ ಹೋಗಿ, ಹಿಂದಿರುಗಿ, ಚಿತ್ರಶಾಲೆಯನ್ನು ಸೇರಿದ ಕೃತಿಗಳಲ್ಲೊಂದು. ವಲ್ಲಿಚೆಲ್ಲಾದ ಆ ಬಲಿಪೀಠದ ಮೇಲೆ ಈಗ ಇರುವುದು ಒಂದು ಪ್ರತಿಕೃತಿ. ಮರುದಿನ ನಮ್ಮಲ್ಲಿ ನಾಲ್ವರು ಕೇಳಿಕೊಂಡು ಹೋಗಿ ಅದನ್ನೂ ನೋಡಿಬಂದೆವು. ಚಿತ್ರ ನಕಲು, ಬಣ್ಣ ಸಪ್ಪೆ. ಆದರೆ ಕೆಳಗೆ ಬಲಿಪೀಠ ನಿಜವಾದದ್ದು. ಅಲ್ಲಿ ಅಸಲು, ಪೀಠವಿಲ್ಲ. ಇಲ್ಲಿ ಪೀಠವಿದೆ, ಅಸಲಿಲ್ಲ. ಯಾವುದನ್ನು ಹೆಚ್ಚೆನ್ನಬೇಕೆಂದು ಹೋಟೆಲಿಗೆ ಬರುವ ದಾರಿಯುದ್ದಕ್ಕೂ ವಾದ ಮಾಡಿದೆವು, ತೀರ್ಮಾನವಾಗಲಿಲ್ಲ. 2025ರಲ್ಲಿ ಆ ಮೂಲಚಿತ್ರವನ್ನು ಜಪಾನಿನ ಒಸಾಕಾ ನಗರದ ವಿಶ್ವಪ್ರದರ್ಶನಕ್ಕೂ ಒಯ್ದಿದ್ದರೆಂದು ಈಚೆಗೆ ಓದಿದೆವು. ಕ್ರೈಸ್ತರು ಅತಿ ವಿರಳವಾದ ಆ ದೇಶದಲ್ಲಿ ಅದರ ಮುಂದೆ ನಿಂತವರಿಗೆ ಏನು ಅನ್ನಿಸಿತೋ.

ಚಿತ್ರಶಾಲೆಯಲ್ಲಿಯೇ ಒಂದು ಗಂಟೆಗೂ ಹೆಚ್ಚು ಕಳೆದುದರಿಂದ ಉಳಿದವನ್ನು ವೇಗವಾಗಿ ದಾಟಬೇಕಾಯಿತು. ಇಲ್ಲಿಯೂ ಹಾಗೆಯೇ ದಾಟುತ್ತೇವೆ. ಕಂಚಿನ ದೊಡ್ಡ ಪೈನ್ ಕಾಯಿ ಇರುವ ಅಂಗಳ. ಲಾವೊಕೂನನೂ ಅವನ ಮಕ್ಕಳೂ ಹಾವುಗಳ ಹಿಡಿತದಲ್ಲಿ ಹೆಣಗುವ ಅಮೃತಶಿಲೆಯ ಮೂರ್ತಿ. 1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದಲ್ಲಿ ಅದು ಸಿಕ್ಕಿದಾಗ ಎರಡನೆಯ ಜೂಲಿಯಸ್ ಜಗದ್ಗುರುಗಳು ಕೊಂಡು ತಂದು ನಿಲ್ಲಿಸಿದರು. ಈ ಸಂಗ್ರಹಾಲಯಗಳ ಪ್ರಾರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. ಅಜ್ಞಾತದೇವರುಗಳ ಮೂರ್ತಿಗಳು ಜಗದ್ಗುರುಗಳ ಮನೆಯಲ್ಲೇಕೆ ಎಂದು ನಮ್ಮವರು ಕೇಳದಿರಲಿಲ್ಲ; ಸುಂದರವಾದುದೆಲ್ಲವೂ ದೇವರದೇ ಎಂಬ ಉತ್ತರ ಕೆಲವರಿಗೆ ಒಪ್ಪಿಗೆಯಾಯಿತು, ಕೆಲವರಿಗೆ ಆಗಲಿಲ್ಲ. ಆಮೇಲೆ 120 ಮೀಟರ್ ಉದ್ದದ ಭೂಪಟಗಳ ಮೊಗಸಾಲೆ. ಇಟಲಿಯ ಪ್ರದೇಶಗಳ 40 ಭೂಪಟಗಳನ್ನು ಗೋಡೆಯ ಮೇಲೆಯೇ ಬರೆದಿದ್ದಾರೆ. ಇಗ್ನಾತ್ಸಿಯೊ ದಾಂತಿ ಎಂಬ ದೊಮಿನಿಕನ್ ಸನ್ಯಾಸಿಯ ಯೋಜನೆಯಂತೆ 1580ರಿಂದ 1583ರ ನಡುವೆ ಆದ ಕೆಲಸ. ಜನಪ್ರವಾಹ ನಮ್ಮನ್ನು ನೂಕಿಕೊಂಡು ಹೋಯಿತು.

ರಫಾಯೆಲನ ಕೋಣೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇವೆ. ಎರಡನೆಯ ಜೂಲಿಯಸರ ಗ್ರಂಥಭಂಡಾರವಾಗಿತ್ತೆನ್ನುವ ಆ ಕೋಣೆಯಲ್ಲಿ ಎದುರುಬದುರು ಗೋಡೆಗಳ ಮೇಲೆ ಎರಡು ದೊಡ್ಡ ಚಿತ್ರಗಳಿವೆ. ಒಂದರಲ್ಲಿ ಪ್ಲೇಟೊ, ಅರಿಸ್ಟಾಟಲ್ ಮೊದಲಾದ ಗ್ರೀಕ್ ತತ್ತ್ವಜ್ಞಾನಿಗಳ ಸಭೆ. ಇನ್ನೊಂದರಲ್ಲಿ ಮೇಲೆ ಪರಲೋಕ, ಕೆಳಗೆ ಧರ್ಮಸಭೆಯ ಪಂಡಿತರು ಹಾಗೂ ಸಂತರು. ನಟ್ಟನಡುವೆ ಬಲಿಪೀಠದ ಮೇಲೆ ಹೊನ್ನಿನ ಪಾತ್ರೆಯಲ್ಲಿ ಪರಮಪ್ರಸಾದ. ಚಿತ್ರದ ನೆಲಗೆರೆಗಳೆಲ್ಲವೂ ಹೋಗಿ ಸೇರುವುದು ಆ ಪುಟ್ಟ ಬಿಳಿಯ ವೃತ್ತದ ಕಡೆಗೇ. ಕೋಣೆಯಲ್ಲಿ ಇದ್ದ ಇನ್ನೂರು ಜನರೂ ತತ್ತ್ವಜ್ಞಾನಿಗಳ ಕಡೆಗೆ ಮುಖಮಾಡಿ, ಫೋನುಗಳನ್ನೆತ್ತಿ, ಪರಮಪ್ರಸಾದಕ್ಕೆ ಬೆನ್ನು ತಿರುಗಿಸಿದ್ದರು. ಪಠ್ಯಪುಸ್ತಕಗಳಲ್ಲಿ ಅಚ್ಚಾಗುವುದು ಆ ಚಿತ್ರವೇ ಆದುದರಿಂದ ಅವರನ್ನು ದೂರಲಾಗದು. ನಮ್ಮ ಮಾರ್ಗದರ್ಶಿ ಹೆಗಲು ಹಿಡಿದು ನಮ್ಮನ್ನು ಇತ್ತ ತಿರುಗಿಸಿದರು. ಹನ್ನೊಂದು ಮಂದಿಯನ್ನಾದರೆ ಹೀಗೆ ತಿರುಗಿಸಬಹುದು. ಐವತ್ತು ಮಂದಿಯನ್ನು ಸಾಧ್ಯವಿಲ್ಲ.

ಸಿಸ್ಟೈನ್ ಪ್ರಾರ್ಥನಾಲಯದ ಒಳಗೆ ಮಾರ್ಗದರ್ಶಿಗಳು ಮಾತನಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಆದುದರಿಂದ ಹೊರಗಿನ ಅಂಗಳದಲ್ಲಿಯೇ ದೊಡ್ಡ ಫಲಕಗಳ ಮುಂದೆ ಆಕೆ ಎಲ್ಲವನ್ನೂ ಮೊದಲೇ ವಿವರಿಸಿದ್ದರು. ನಾಲ್ಕನೆಯ ಸಿಕ್ಸ್ತುಸರ ಕಾಲದಲ್ಲಿ ಕಟ್ಟಿದ್ದರಿಂದ ಆ ಹೆಸರು; ಮೊದಲು ಮಾಳಿಗೆಯಲ್ಲಿದ್ದದ್ದು ನೀಲಿ ಆಕಾಶ, ಚಿನ್ನದ ನಕ್ಷತ್ರಗಳು; 1508ರಿಂದ 1512ರವರೆಗೆ ಮೈಕೆಲೆಂಜೆಲೊ ಅಟ್ಟದ ಮೇಲೆ ನಿಂತು, ಮಲಗಿ ಅಲ್ಲ, ಆದಿಕಾಂಡದ ಒಂಬತ್ತು ದೃಶ್ಯಗಳನ್ನು ಬರೆದನು; ಸುಮಾರು ಕಾಲು ಶತಮಾನದ ನಂತರ, 1536ರಿಂದ 1541ರವರೆಗೆ, ಬಲಿಪೀಠದ ಹಿಂದಿನ ಗೋಡೆಯಲ್ಲಿ ಅಂತಿಮ ತೀರ್ಪನ್ನು ಬರೆದನು. ಇವುಗಳನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿಯೇ ಇದ್ದೀರಿ. ಒಳಗೆ ನೂರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮೌನ, ಮೌನ ಎಂದು ಕಾವಲುಗಾರರು ಕೂಗುವುದೇ ಅಲ್ಲಿನ ಅತಿ ದೊಡ್ಡ ಸದ್ದು! ಆದರೂ ಆ ಕೋಣೆ ಇಂದಿಗೂ ಪ್ರಾರ್ಥನಾಲಯವೇ. ಅಲ್ಲಿ ಬಲಿಪೂಜೆಯಾಗುತ್ತದೆ, 2025ರ ಮೇ ತಿಂಗಳಿನಲ್ಲಿ ಕಾರ್ಡಿನಲ್ಲರು ಹದಿನಾಲ್ಕನೆಯ ಲಿಯೊ ಜಗದ್ಗುರುಗಳನ್ನು ಆರಿಸಿದ್ದು ಅದೇ ತೀರ್ಪಿನ ಚಿತ್ರದ ಎದುರಿಗೆ. ಅದನ್ನು ದೂರದರ್ಶನದಲ್ಲಿ ನೋಡುವಾಗ, ಮತ ಹಾಕುವವರ ಕಣ್ಣ ಮುಂದೆ ಏನಿದೆಯೆಂಬುದು ನಮಗೆ ಗೊತ್ತಿತ್ತು. ಏಳು ಕಿಲೋಮೀಟರಿನ ಆ ದಾರಿಯಲ್ಲಿ ನಾವು ಕಂಡ ಎಷ್ಟೋ ಚಿತ್ರಗಳಿಗಿಲ್ಲದ ಭಾಗ್ಯ ಈ ಗೋಡೆಗಳಿಗೆ ಉಂಟು: ಇವು ಯಾವ ಕೆಲಸಕ್ಕಾಗಿ ಬರೆಯಲ್ಪಟ್ಟವೋ ಆ ಕೆಲಸವನ್ನು ಇನ್ನೂ ಮಾಡುತ್ತಿವೆ.

ಆ ಚಿತ್ರಗಳನ್ನು ಶುಚಿಗೊಳಿಸಿದ ವಿಚಾರವೂ ಹೇಳತಕ್ಕದ್ದು. ಶತಮಾನಗಳ ಮೇಣದಬತ್ತಿಯ ಹೊಗೆ, ಹಿಂದಿನವರು ಹೊಳಪಿಗಾಗಿ ಬಳಿದ ಅಂಟು, ಇವುಗಳಿಂದ ಮಾಳಿಗೆ ಕಪ್ಪಾಗಿತ್ತು. 1980ರಲ್ಲಿ ಪ್ರಾರಂಭಿಸಿ ಅಂತಿಮ ತೀರ್ಪಿನ ಗೋಡೆ ಮುಗಿದದ್ದು 1994ರಲ್ಲಿ, ಹದಿನಾಲ್ಕು ವರ್ಷ. ಜಪಾನಿನ ಒಂದು ದೂರದರ್ಶನ ಸಂಸ್ಥೆ ವೆಚ್ಚ ವಹಿಸಿತು. ಬಣ್ಣಗಳು ಬೆಳಗಿದಾಗ ಜಗತ್ತು ಮೆಚ್ಚಿತು; ಕೆಲವು ವಿದ್ವಾಂಸರು ಕಲಾವಿದನೇ ಕೊಟ್ಟ ಕೊನೆಯ ಛಾಯೆಯೂ ತೊಳೆದುಹೋಯಿತೆಂದು ಕಟುವಾಗಿ ಆಕ್ಷೇಪಿಸಿದರು. ನಗ್ನ ಆಕೃತಿಗಳಿಗೆ 1565ರಲ್ಲಿ ದಾನಿಯೆಲೆ ದ ವೊಲ್ತೆರ್ರಾ ತೊಡಿಸಿದ್ದ ಬಟ್ಟೆಗಳನ್ನು, ಅವೂ ಚರಿತ್ರೆಯ ಭಾಗವೆಂದು ಉಳಿಸಿಕೊಂಡು, ಅನಂತರದವರು ಬಳಿದವುಗಳಲ್ಲಿ ಹಲವನ್ನು ತೆಗೆದರು. ಅಷ್ಟು ಹಣ, ಅಷ್ಟು ವಿಜ್ಞಾನ ಇದ್ದವರೇ ಒಂದೊಂದು ಅಂಗುಲಕ್ಕೂ ಯೋಚಿಸಿದರು. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಸಾಬೂನುನೀರಿನ ಬಕೆಟ್ಟೂ ಎಣ್ಣೆಬಣ್ಣದ ಡಬ್ಬಿಯೂ ಎಷ್ಟು ಬೇಗ ಹೊರಬರುತ್ತವೆ!

ಸಮಿತಿಯ ಮುಂದಿರುವ ಪ್ರಶ್ನೆಗೆ ಈಗ ಬರುತ್ತೇವೆ. ನಮ್ಮ ದೇವಾಲಯದ ವಸ್ತ್ರಾಗಾರದಲ್ಲಿ, ಬೀರುವಿನ ಹಿಂದೆ, ಗೋಡೆಗೆ ಒರಗಿಸಿಟ್ಟ ವ್ಯಾಕುಲಮಾತೆಯ ತೈಲಚಿತ್ರವಿದೆ. ಯಾರು ಬರೆದರೆಂಬುದಕ್ಕೆ ದಾಖಲೆಯಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೀಠವನ್ನು ಜನರ ಕಡೆಗೆ ಮುಂದೆ ತಂದಾಗ ಹಿಂದಿನ ಮರದ ಚೌಕಟ್ಟನ್ನು ತೆಗೆದರು. ಚಿತ್ರ ಒಳಗೆ ಹೋಯಿತು. ಐವತ್ತು ದಾಟಿದವರಲ್ಲಿ ಹಲವರು ಅದನ್ನು ಕಂಡೇ ಇಲ್ಲ. ಶತಮಾನೋತ್ಸವಕ್ಕೆ ಅದನ್ನು ಹೊಸ ಬಣ್ಣಗಳಲ್ಲಿ ಬರೆಯಿಸಬೇಕೆಂದು ಕೆಲವರ ಸಲಹೆ. ಭದ್ರತೆಯಿರುವ ಸಂಗ್ರಹಾಲಯಕ್ಕೆ ಕೊಡಬೇಕೆಂದು ಇನ್ನು ಕೆಲವರ ಸಲಹೆ. ಎರಡೂ ಸದುದ್ದೇಶದ ಮಾತುಗಳೇ. ಸಂಗ್ರಹಾಲಯವನ್ನು ನಾವು ಹಗುರಾಗಿ ಕಾಣುವವರಲ್ಲ. ಅಲ್ಲಿ ಜಪಸರ ಕೈಗೆತ್ತಿಕೊಂಡದ್ದನ್ನೂ ನೋಡಿದ್ದೇವೆ. ಆದರೆ ಪೀಠ ಕಳೆದುಕೊಂಡ ಚಿತ್ರಗಳ ಸಾಲಿನಲ್ಲಿ ನಡೆದು ಬಂದವರಾಗಿ ಹೇಳುತ್ತೇವೆ: ನಮ್ಮ ಚಿತ್ರಕ್ಕೆ ಅದರ ಪೀಠ ಇನ್ನೂ ಇದೆ. ನೆಪೋಲಿಯನ್ನನು ಇಲ್ಲಿಗೆ ಬರಲಿಲ್ಲ. ಅದು ಹೋದದ್ದು ಹದಿನೈದು ಹೆಜ್ಜೆ ದೂರ ಮಾತ್ರ.

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಇಟಲಿಯ ಬೆರ್ಗಮೊ ಬಳಿಯಲ್ಲಿ 1854ರಲ್ಲಿ ಹುಟ್ಟಿ, ಯೇಸುಸಭೆ ಸೇರುವ ಮೊದಲು ರೋಮಿಗೆ ಹೋಗಿ ನಾವು ನೋಡಿದ ಇದೇ ವ್ಯಾಟಿಕನ್ನಿನ ಕೃತಿಗಳನ್ನು ಅಭ್ಯಾಸಮಾಡಿದ್ದ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿಸಿದರು. ಕರಾವಳಿಯ ಮಳೆ, ಉಪ್ಪುಗಾಳಿ, ಗೆದ್ದಲು ಎಲ್ಲವನ್ನೂ ಎದುರಿಸಿ, ನುರಿತವರ ಕೈಯಲ್ಲಿ ದುರಸ್ತಿಗೊಂಡು, ಅವು ಇಂದಿಗೂ ಪ್ರಾರ್ಥಿಸುವವರ ತಲೆಯ ಮೇಲೆಯೇ ಇವೆ. ನೋಡಲು ಬರುವವರು ನೋಡುತ್ತಾರೆ, ಪೂಜೆಗೆ ಬರುವವರು ಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಅದು ಸಾಧ್ಯವೆಂಬುದಕ್ಕೆ ರೋಮಿನವರೆಗೆ ಹೋಗಬೇಕಾಗಿಲ್ಲ.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಚಿತ್ರವನ್ನು ಯಾರೂ ತೊಳೆಯಬಾರದು, ಒರೆಸಬಾರದು, ಮರುಬಣ್ಣ ಬಳಿಯಬಾರದು. ತೈಲಚಿತ್ರಗಳ ಸಂರಕ್ಷಣೆಯಲ್ಲಿ ತರಬೇತಾದವರಿಗೆ ಮೊದಲು ತೋರಿಸಿ, ಅವರು ಬರಹದಲ್ಲಿ ಹೇಳಿದಂತೆ ನಡೆಯಬೇಕು. ಅದರ ವೆಚ್ಚದ ಮೊದಲ ಭಾಗವನ್ನು ನಾವು ಒಂಬತ್ತು ಮಂದಿ ವಹಿಸಿಕೊಳ್ಳುತ್ತೇವೆ. ಬಳಿಕ ಅದು ಬಲಿಪೀಠದ ಹಿಂದೆ ಮೊದಲಿದ್ದಷ್ಟೇ ಎತ್ತರದಲ್ಲಿ ಬರಬೇಕು. ಆ ಎತ್ತರ ಎಷ್ಟೆಂಬುದೇ ಈಗ ತೊಡಕಾಗಿದೆ. ಗೋಡೆಗೆ ಎರಡು ಸಲ ಗಾರೆಯಾದ್ದರಿಂದ ಹಳೆಯ ಕೊಕ್ಕೆಗಳ ಗುರುತು ಉಳಿದಿಲ್ಲ. ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಮದುವೆಯ ಫೋಟೋಗಳಿರಬಹುದು. ವಧೂವರರ ಹಿಂದೆ ಬಲಿಪೀಠ ಕಾಣುವಂತಹವು ಇದ್ದರೆ, ಎಷ್ಟೇ ಮಾಸಿದ್ದರೂ ಸರಿ, ಬರುವ ಭಾನುವಾರದ ಎರಡನೆಯ ಪೂಜೆಯ ನಂತರ ಧರ್ಮಕೇಂದ್ರದ ಕಚೇರಿಗೆ ತಂದು ತೋರಿಸಬೇಕಾಗಿ ವಿನಂತಿ. ಅಲ್ಲಿಯೇ ನಕಲು ತೆಗೆದುಕೊಂಡು ಮೂಲವನ್ನು ಕೂಡಲೇ ಹಿಂದಿರುಗಿಸುತ್ತೇವೆ.